"ಇವರು ನಿಮಗೆ ಏನಾಗಬೇಕು?"

ಶಿರಸಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ನರ್ಸ್. ಹದಿನಾಲ್ಕು ವರ್ಷ ಆಯಿತು. ಆಪರೇಶನ್‌ಗೆ ಮೊದಲು ಒಪ್ಪಿಗೆ ಫಾರಂಗೆ ಸಹಿ ಹಾಕಿಸುವುದು ನನ್ನ ಕೆಲಸ. ಕೆಳಗೆ ಎರಡು ಸಾಲು ಇರುತ್ತವೆ. ಒಂದು ಪೇಷಂಟ್ ಸಹಿ, ಇನ್ನೊಂದು ಸಂಬಂಧಿಕರ ಸಹಿ. ಆ ಎರಡನೇ ಸಾಲಿನ ಬಗ್ಗೆ ಕಳೆದ ಮಳೆಗಾಲದವರೆಗೆ ನಾನು ಯೋಚನೆ ಮಾಡಿದ್ದೇ ಇಲ್ಲ.

ಜುಲೈ ತಿಂಗಳಲ್ಲಿ ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನಿಂದ ಒಬ್ಬರು ಲಾಮಾ ಹರ್ನಿಯಾ ಆಪರೇಶನ್‌ಗೆ ಬಂದರು. ವಯಸ್ಸು 36. ಜೊತೆಗೆ ಇಬ್ಬರು ಎಳೆಯ ಲಾಮಾಗಳು, ಒದ್ದೆ ಛತ್ರಿ ಹಿಡಿದು ಬಾಗಿಲ ಹತ್ತಿರ ನಿಂತಿದ್ದರು.

"ಇವರು ನಿಮಗೆ ಏನಾಗಬೇಕು?" ಅಂತ ಆ ಹುಡುಗರನ್ನು ತೋರಿಸಿ ಪೇಷಂಟನ್ನು ಕೇಳಿದೆ.

"ನಮ್ಮ ಮಠದವರು, ಸಿಸ್ಟರ್."

"ಹಾಗಲ್ಲ. ಮನೆಯವರು? ಅಣ್ಣ, ತಮ್ಮ?"

"ಇಲ್ಲಿ ಯಾರೂ ಇಲ್ಲ."

ಮಠದವರ ಸಹಿ ನಡೆಯುವುದಿಲ್ಲ, ರಕ್ತ ಸಂಬಂಧಿಕರೇ ಬೇಕು ಅಂದುಬಿಟ್ಟೆ. ಫಾರಂ ಪೂರ್ತಿಯಾಗಲಿಲ್ಲ. ಆಪರೇಶನ್ ಮರುದಿನಕ್ಕೆ ಹೋಯಿತು. ಹಿಂದಿನ ರಾತ್ರಿಯಿಂದ ಏನೂ ತಿಂದಿರದ ಮನುಷ್ಯ ಒಂದು ಮಾತೂ ಆಡಲಿಲ್ಲ.

ಸಂಜೆ ಬಿ.ಪಿ. ನೋಡಲು ಹೋದಾಗ ಅವರ ಎಡಗಾಲು ಹೊದಿಕೆಯಿಂದ ಹೊರಗಿತ್ತು. ಮೂರು ಬೆರಳು ಇರಲಿಲ್ಲ. ಬೆರಳಿದ್ದ ಜಾಗದಲ್ಲಿ ಚರ್ಮ ಬಿಗಿದು ಹೊಳೆಯುತ್ತಿತ್ತು. ನಮಗೆ ಇಂಥ ಕಾಲು ಕಂಡರೆ ಮೊದಲು ನೆನಪಾಗುವುದು ಶುಗರ್. "ಶುಗರ್ ಇದೆಯಾ? ಮೊದಲೇ ಯಾಕೆ ಹೇಳಲಿಲ್ಲ?" ಅಂದೆ. ಸ್ವಲ್ಪ ಗದರಿಯೇ ಅಂದೆ.

ಅವರು ತಲೆ ಅಲ್ಲಾಡಿಸಿ "ಬರ್ಫ್" ಅಂದರು.

ಆಮೇಲೆ ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ ಹೇಳುತ್ತಾ ಹೋದರು. ಅವರ ಒಪ್ಪಿಗೆ ಕೇಳಿಯೇ ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬೇಡ ಅಂದರು. ಅಮ್ಮ ಇನ್ನೂ ಟಿಬೆಟಿನಲ್ಲೇ ಇದ್ದಾರಂತೆ.

1999ರ ಚಳಿಗಾಲ. ಅವರಿಗೆ ಆಗ ಹತ್ತು ವರ್ಷ. ಅಮ್ಮ ಲ್ಹಾಸಾದಲ್ಲಿ ಅವರನ್ನು, ಗಡಿ ದಾಟಿ ನೇಪಾಳಕ್ಕೆ ಹೋಗುವ ದಾರಿ ತೋರಿಸುವ ಒಬ್ಬನ ಕೈಗೆ ಒಪ್ಪಿಸಿದರು. ಚಳಿಗಾಲದಲ್ಲಿ ಗಡಿ ಕಾವಲು ಕಡಿಮೆ, ಅದಕ್ಕೇ ಜಾಸ್ತಿ ಜನ ಆಗಲೇ ಹೊರಡುತ್ತಿದ್ದರು. ಹೊರಡುವಾಗ ಅಮ್ಮ ಒಂದೇ ಮಾತನ್ನು ಮತ್ತೆ ಮತ್ತೆ ಬಾಯಿಪಾಠ ಮಾಡಿಸಿದರು: ಇವನು ನಿನಗೆ ಏನಾಗಬೇಕು ಅಂತ ಪೊಲೀಸರು ಕೇಳಿದರೆ, ಚಿಕ್ಕಪ್ಪ ಅನ್ನು.

ಗಡಿಯ ಈಚೆಗಿನ ಊರು ಟಿಂಗ್ರಿ ಕಡೆಯವರೆಗೆ ಲಾರಿಯಲ್ಲಿ ಅಡಗಿಕೊಂಡು ಬಂದರು. ಅಲ್ಲಿಂದ ನಡಿಗೆ. ಹಗಲು ಬಂಡೆಗಳ ಸಂದಿಯಲ್ಲಿ ಮಲಗುವುದು, ರಾತ್ರಿ ನಡೆಯುವುದು. ದಾಟಬೇಕಾದದ್ದು ಟಿಬೆಟ್-ನೇಪಾಳ ಗಡಿಯ ನಾಂಗ್ಪಾ ಲಾ. ಟಿಬೆಟಿನ ಭಾಷೆಯಲ್ಲಿ ಲಾ ಅಂದರೆ ನಮ್ಮ ಘಾಟಿ ಇದ್ದ ಹಾಗೆ. ನಮ್ಮ ಶಿರಸಿ 600 ಮೀಟರ್ ಆಸುಪಾಸಿನ ಎತ್ತರದಲ್ಲಿದೆ, ಅದು 5,700 ಮೀಟರ್ ದಾಟುತ್ತದೆ. ಅವರ ಚೀಲದಲ್ಲಿದ್ದದ್ದು ತ್ಸಂಪಾ, ಹುರಿದ ಬಾರ್ಲಿಯ ಹಿಟ್ಟು. ನಮ್ಮ ಹುರಿಹಿಟ್ಟೇ ಅಂದುಕೊಳ್ಳಿ. ಬೆಂಕಿ ಹಚ್ಚಿದರೆ ದೂರಕ್ಕೆ ಕಾಣುತ್ತದೆ ಅಂತ ಹಿಟ್ಟನ್ನು ಹಿಮದ ಜೊತೆ ಕಲಸಿ ನುಂಗುತ್ತಿದ್ದರು. ಕಾಲಿಗೆ ಕ್ಯಾನ್ವಾಸ್ ಶೂ. ಹಗಲು ಬಿಸಿಲಿಗೆ ಶೂ ಒದ್ದೆ, ರಾತ್ರಿ ಅದೇ ಶೂ ಕಲ್ಲು. ಹೆಪ್ಪುಗಟ್ಟಿದ ಕಾಲು ಕರಗಿ ಮತ್ತೆ ಹೆಪ್ಪುಗಟ್ಟಿದರೆ ಹಾನಿ ಜಾಸ್ತಿ ಅಂತ ನಾವು ಓದಿದ್ದೆವಲ್ಲ, ಆ ಪಾಠ ಅವತ್ತು ನನ್ನ ಕಣ್ಣ ಮುಂದೆ ಇತ್ತು. ಬೆರಳು ಕಪ್ಪಾದ ಮೇಲೆ ನೋವು ನಿಂತಿತಂತೆ. ವಾಸಿಯಾಯಿತು ಅಂತ ಆ ಹುಡುಗ ಖುಷಿಪಟ್ಟಿದ್ದನಂತೆ.

ಕಾಠ್ಮಂಡುವಿನಲ್ಲಿ ಟಿಬೆಟಿಯನ್ನರನ್ನು ಬರಮಾಡಿಕೊಳ್ಳುವ ಕೇಂದ್ರ ಸೇರಿದ ಮೇಲೆ ಬೆರಳು ತೆಗೆದರು. ಆಮೇಲೆ ದೆಹಲಿ, ಧರ್ಮಶಾಲಾ, ಕೊನೆಗೆ ಮುಂಡಗೋಡ. ಇಲ್ಲಿ ಮಠದ ಒಬ್ಬ ಹಿರಿಯ ಗುರು ಅವರನ್ನು ತಮ್ಮ ಕೋಣೆಯಲ್ಲೇ ಇಟ್ಟುಕೊಂಡು ಬೆಳೆಸಿದರು. ಬಾಗಿಲಲ್ಲಿ ನಿಂತಿದ್ದ ಆ ಇಬ್ಬರು ಹುಡುಗರನ್ನು ಈಗ ಇವರು ಹಾಗೇ ಬೆಳೆಸುತ್ತಿದ್ದಾರೆ.

ಮುಂಡಗೋಡದ ಕ್ಯಾಂಪ್ ಶುರುವಾದದ್ದು 1966ರಲ್ಲಿ. ನಮ್ಮೂರಿಂದ 50 ಕಿ.ಮೀ. ಆಸುಪಾಸು. ಚಿಕ್ಕವಳಿದ್ದಾಗ ಶಾಲೆಯಿಂದ ಪ್ರವಾಸಕ್ಕೆ ಹೋಗಿ ಅಲ್ಲಿ ಫೋಟೋ ತೆಗೆಸಿಕೊಂಡಿದ್ದೆ. ಅಲ್ಲಿರುವವರು ಹೇಗೆ ಬಂದರು ಅಂತ ಯಾರನ್ನೂ ಕೇಳಿರಲಿಲ್ಲ. ಆ ರಾತ್ರಿ ಮನೆಗೆ ಹೋಗಿ ಓದಿದೆ. 2006ರ ಸೆಪ್ಟೆಂಬರ್ 30ರಂದು ಅದೇ ನಾಂಗ್ಪಾ ಲಾದಲ್ಲಿ ಚೀನಾದ ಗಡಿ ಕಾವಲಿನವರು ನಡೆದು ಹೋಗುತ್ತಿದ್ದ ಗುಂಪಿನ ಮೇಲೆ ಗುಂಡು ಹಾರಿಸಿದ್ದರು. 17 ವರ್ಷದ ಒಬ್ಬ ಸನ್ಯಾಸಿನಿ ಸತ್ತಳು. ಗುಂಪಿನಲ್ಲಿದ್ದ ಮಕ್ಕಳನ್ನು ಹಿಡಿದುಕೊಂಡು ಹೋದರು. ಪಕ್ಕದ ಚೋ ಓಯು ಶಿಖರ ಹತ್ತಲು ಬಂದಿದ್ದವರು ಅದನ್ನು ಕಣ್ಣಾರೆ ನೋಡಿದ್ದರು. ಆಶ್ರಯ ಹುಡುಕಿ ಬರುವ ಮಗುವಿಗೆ, ಅಪ್ಪ ಅಮ್ಮ ಜೊತೆಗಿರಲಿ ಇಲ್ಲದಿರಲಿ, ರಕ್ಷಣೆ ಕೊಡಬೇಕು ಅಂತ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಪ್ಪಂದದ 22ನೇ ವಿಧಿ ಹೇಳುತ್ತದೆ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸೇರಿಲ್ಲ. ಆದರೆ ಮಕ್ಕಳ ಈ ಒಪ್ಪಂದಕ್ಕೆ 1992ರಲ್ಲೇ ಸೇರಿದೆ.

ನನ್ನನ್ನು ಜಾಸ್ತಿ ಕಾಡಿದ್ದು ಬೇರೆ. ಆ ಹುಡುಗರನ್ನು ತೋರಿಸಿ "ನನ್ನ ತಮ್ಮಂದಿರು" ಅಂದಿದ್ದರೆ ಅವತ್ತೇ ಕೆಲಸ ಮುಗಿಯುತ್ತಿತ್ತು. ಅಂಥ ಉತ್ತರ ಅವರಿಗೆ ಹತ್ತನೇ ವಯಸ್ಸಿನಿಂದ ಬಾಯಿಪಾಠ. ಆದರೂ ನನ್ನ ಹತ್ತಿರ ನಿಜವನ್ನೇ ಹೇಳಿದರು. ಅದಕ್ಕೇ ಒಂದು ದಿನ ಜಾಸ್ತಿ ಕಾದರು.

ಬೆಳಿಗ್ಗೆ ಸರ್ಜನ್‌ಗೆ ವಿಷಯ ಹೇಳಿದೆ. "ಅವರ ಸಹಿಯೇ ಸಾಕಲ್ಲ, ನಿಲ್ಲಿಸಿದ್ದು ಯಾರು?" ಅಂದರು. ನಿಲ್ಲಿಸಿದ್ದು ನಾನೇ. ಬುದ್ಧಿ ಸ್ಥಿಮಿತದಲ್ಲಿರುವ ವಯಸ್ಕ ಪೇಷಂಟ್‌ಗೆ ಅವರದ್ದೇ ಒಪ್ಪಿಗೆ ಮುಖ್ಯ, ಅದರ ಬದಲು ಮನೆಯವರ ಒಪ್ಪಿಗೆ ನಡೆಯುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2008ರಲ್ಲೇ ಸ್ಪಷ್ಟವಾಗಿ ಹೇಳಿದೆ. ಸಂಬಂಧಿಕರ ಸಹಿ ನಮ್ಮ ರೂಢಿ, ಅಷ್ಟೇ. ಆ ರೂಢಿಯನ್ನೇ ನಾನು ಕಾನೂನು ಅಂದುಕೊಂಡಿದ್ದೆ.

ಹೋಗಿ ಕ್ಷಮೆ ಕೇಳಿದೆ. "ಪರವಾಗಿಲ್ಲ ಸಿಸ್ಟರ್, ಇಲ್ಲಿ ಬೆಚ್ಚಗಿತ್ತು" ಅಂದರು. ಆಪರೇಶನ್ ಚೆನ್ನಾಗಿ ಆಯಿತು. ಎಚ್ಚರ ಆದಾಗ ದೊಡ್ಡ ಹುಡುಗ ಅವರ ಎಡಗಾಲನ್ನು ಎರಡೂ ಕೈಯಲ್ಲಿ ಹಿಡಿದು ಉಜ್ಜುತ್ತಿದ್ದ. ಚಳಿಯಾದರೆ ಆ ಕಾಲು ಈಗಲೂ ಮರಗಟ್ಟುತ್ತದಂತೆ.

ಫಾರಂ ಬದಲಿಸಬೇಕು ಅಂತ ಆಫೀಸಿನಲ್ಲಿ ಕೇಳಿದೆ, ಒಪ್ಪಿದರು. ಹಳೆಯದು ಇನ್ನೂ ಎರಡು ಕಟ್ಟು ಉಳಿದಿವೆ. ಅದು ಖಾಲಿಯಾಗುವವರೆಗೆ ಆ ಎರಡನೇ ಸಾಲನ್ನು ಪೆನ್ನಿನಿಂದ ಹೊಡೆದು, ಮೇಲೆ "ಯಾರಿಗೆ ಫೋನ್ ಮಾಡಬೇಕು?" ಅಂತ ಬರೆಯುತ್ತಿದ್ದೇನೆ.