ಐದು ಅಂಕದ ನಾಟಕ ಇವತ್ತಿನ ಸೈನ್ಸ್ ಫಿಕ್ಷನ್ ಸಿನಿಮಾಗೆ ಹೊಂದುತ್ತಾ?

ಚಿತ್ರಕಥೆ ಬರೆಯಲು ಹೊರಟವರು ನನ್ನನ್ನು ಆಗಾಗ ಕೇಳುವ ಪ್ರಶ್ನೆ ಇದು. ಐದು ಅಂಕ ಅನ್ನೋದು ರೋಮನ್ನರ ಕಾಲದ್ದು, ಶೇಕ್ಸ್‌ಪಿಯರ್ ಕಾಲದ್ದು. ಗಗನನೌಕೆ, ಬ್ಲ್ಯಾಕ್ ಹೋಲ್ ಇರುವ ಸಿನಿಮಾಗೆ ಅದು ಯಾಕೆ? ಮೂರು ಅಂಕದ ಲೆಕ್ಕ ಸಾಕಲ್ವಾ?

ಚೆನ್ನಾಗಿಯೇ ಹೊಂದುತ್ತದೆ. ಅದರಲ್ಲೂ ಕಥೆಯ ನಡುಭಾಗ ಮುಂದಕ್ಕೇ ಹೋಗುತ್ತಿಲ್ಲ ಅಂತ ಒದ್ದಾಡುವವರಿಗೆ ಐದು ಅಂಕವೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಕ್ರಿಸ್ಟೋಫರ್ ನೋಲನ್ ಅವರ ‘ಇಂಟರ್‌ಸ್ಟೆಲ್ಲಾರ್’ (2014) ಇಟ್ಟುಕೊಂಡು ಹೇಳುತ್ತೇನೆ. ಕಥೆಯನ್ನು ಪೂರ್ತಿ ಹೇಳಿಬಿಡುತ್ತೇನೆ, ಹಾಗಾಗಿ ನೋಡದವರು ನೋಡಿಕೊಂಡು ಬನ್ನಿ.

ಮೊದಲು ಸ್ವಲ್ಪ ಹಿನ್ನೆಲೆ. ಐದು ಅಂಕ ಅರಿಸ್ಟಾಟಲ್ ಮಾಡಿದ ನಿಯಮ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅವನು ಹೇಳಿದ್ದು ಆದಿ, ಮಧ್ಯ, ಅಂತ್ಯ ಬೇಕು ಅಂತ. ನಾಟಕಕ್ಕೆ ಐದು ಅಂಕ ಇರಲಿ, ಹೆಚ್ಚೂ ಬೇಡ ಕಡಿಮೆಯೂ ಬೇಡ ಎಂದವನು ಕ್ರಿಸ್ತಪೂರ್ವ ಮೊದಲ ಶತಮಾನದ ರೋಮನ್ ಕವಿ ಹೊರೇಸ್. ಶೇಕ್ಸ್‌ಪಿಯರ್ ಕಾಲದ ಲಂಡನ್ನಿನಲ್ಲಿ, ಚಾವಣಿ ಇರುವ ರಂಗಮಂದಿರಗಳಲ್ಲಿ, ಅಂಕಗಳ ನಡುವಿನ ಬಿಡುವಿನಲ್ಲಿ ಸಂಗೀತ ನುಡಿಸುತ್ತಾ ಮೇಣದಬತ್ತಿಗಳನ್ನು ಸರಿಮಾಡುತ್ತಿದ್ದರು. ಆಮೇಲೆ 1863ರಲ್ಲಿ ಜರ್ಮನ್ ಲೇಖಕ ಗುಸ್ತಾಫ್ ಫ್ರೈಟಾಗ್ ಗ್ರೀಕ್ ನಾಟಕಗಳನ್ನೂ ಶೇಕ್ಸ್‌ಪಿಯರನ್ನೂ ಮುಂದಿಟ್ಟುಕೊಂಡು ಪಿರಮಿಡ್ಡಿನಂಥ ಒಂದು ನಕ್ಷೆ ಕೊಟ್ಟ: ಪರಿಚಯ, ಏರು, ಶಿಖರ, ಇಳಿತ, ದುರಂತ.

ಈ ನಕ್ಷೆಯಲ್ಲಿ ಗಮನಿಸಬೇಕಾದ್ದು ಒಂದೇ. ಶಿಖರ ಇರುವುದು ನಟ್ಟನಡುವೆ. ಜೂಲಿಯಸ್ ಸೀಸರ್ ಸಾಯುವುದು ಮೂರನೇ ಅಂಕದಲ್ಲಿ, ಆಮೇಲೆ ಇನ್ನೂ ಎರಡು ಅಂಕ ಬಾಕಿ ಇರುತ್ತದೆ. 1979ರಲ್ಲಿ ಚಿತ್ರಕಥೆ ಬರೆಯೋದನ್ನು ಕಲಿಸುತ್ತಿದ್ದ ಅಮೆರಿಕದ ಸಿಡ್ ಫೀಲ್ಡ್ ಜನಪ್ರಿಯ ಮಾಡಿದ ಮೂರು ಅಂಕದ ಲೆಕ್ಕದಲ್ಲಿ ಸಿನಿಮಾದ ಅರ್ಧದಷ್ಟು ಭಾಗಕ್ಕೆ ಎರಡನೇ ಅಂಕ ಅಂತ ಒಂದೇ ಹೆಸರು. ಹೊಸಬರು ಅದರೊಳಗೆ ಅಡ್ಡಿ ಮೇಲೆ ಅಡ್ಡಿ ಪೇರಿಸುತ್ತಾ ಹೋಗುತ್ತಾರೆ, ಕಥೆ ಮಾತ್ರ ಇದ್ದಲ್ಲೇ ಇರುತ್ತದೆ.

ಈಗ ಸಿನಿಮಾಗೆ ಬರೋಣ. ಮೊದಲ ಅಂಕ ಭೂಮಿಯ ಮೇಲೆ. ಬೆಳೆಗಳಿಗೆ ರೋಗ, ಎಲ್ಲೆಲ್ಲೂ ಧೂಳು. ಪೈಲಟ್ ಆಗಿದ್ದ ಕೂಪರ್ ಈಗ ಮೆಕ್ಕೆಜೋಳ ಬೆಳೆಯುತ್ತಾನೆ. ಸೈನ್ಸ್ ಫಿಕ್ಷನ್ನಿಗೆ ಮೊದಲ ಅಂಕ ಯಾವಾಗಲೂ ಭಾರ, ಏಕೆಂದರೆ ಇಡೀ ಲೋಕವನ್ನೇ ಪರಿಚಯ ಮಾಡಿಸಬೇಕು. ಇಲ್ಲಿ ಅದನ್ನು ಹೇಗೆ ಮಾಡಿದ್ದಾರೆ ನೋಡಿ. ಕೂಪರ್‌ನನ್ನು ಮಕ್ಕಳ ಶಾಲೆಗೆ ಕರೆಸುತ್ತಾರೆ. ಮಗನ ಪರೀಕ್ಷೆಯ ಮಾರ್ಕ್ಸ್ ನೋಡಿದರೆ ಅವನು ಒಳ್ಳೇ ರೈತ ಆಗುತ್ತಾನೆ, ಕಾಲೇಜು ಬೇಡ ಎನ್ನುತ್ತಾರೆ. ಮಗಳು ಮರ್ಫ್ ಅಪ್ಪನ ಹಳೇ ಪಠ್ಯಪುಸ್ತಕ ತಂದು ಚಂದ್ರನ ಮೇಲೆ ಮನುಷ್ಯ ಇಳಿದ ಕಥೆ ತೋರಿಸಿ ಜಗಳ ಆಡಿದ್ದಾಳೆ, ಅದೆಲ್ಲ ಸೋವಿಯತ್ ಒಕ್ಕೂಟವನ್ನು ದಿವಾಳಿ ಎಬ್ಬಿಸಲು ಹೂಡಿದ ನಾಟಕ ಎನ್ನುತ್ತಾಳೆ ಟೀಚರ್. ಒಂದು ಪೇರೆಂಟ್ಸ್ ಮೀಟಿಂಗಿನಲ್ಲಿ ಇಡೀ ಯುಗ ಅರ್ಥವಾಗುತ್ತದೆ, ಅಪ್ಪನ ಸಿಟ್ಟೂ ಅರ್ಥವಾಗುತ್ತದೆ. ಪಕ್ಕದಲ್ಲೇ ಮೂರು ಬೀಜ ಬಿತ್ತಿಬಿಡುತ್ತಾರೆ: ಮಗಳ ಕೋಣೆಯ ಕಪಾಟಿನಿಂದ ತಾವಾಗಿಯೇ ಬೀಳುವ ಪುಸ್ತಕಗಳು, ನೆಲದ ಧೂಳಿನಲ್ಲಿ ಮೂಡುವ ಗೆರೆಗಳು, ಹೊರಡುವಾಗ ಅಪ್ಪ ಕೊಡುವ ಕೈಗಡಿಯಾರ. ತನ್ನ ಕೈಯಲ್ಲೂ ಒಂದಿದೆ, ವಾಪಸ್ ಬಂದಾಗ ಎರಡನ್ನೂ ಹೋಲಿಸಿ ನೋಡೋಣ ಎನ್ನುತ್ತಾನೆ. ಅವಳು ಸಿಟ್ಟಿನಿಂದ ಅದನ್ನು ಎಸೆಯುತ್ತಾಳೆ.

ಎರಡನೇ ಅಂಕ ಏರು. ಮನುಷ್ಯರು ಬದುಕಬಹುದಾದ ಬೇರೆ ಗ್ರಹ ಹುಡುಕಲು ಹೊರಟ ಕೂಪರ್ ಮತ್ತು ಅವನ ತಂಡ ಶನಿಗ್ರಹದ ಹತ್ತಿರದ ವರ್ಮ್‌ಹೋಲ್, ಅಂದರೆ ದೂರದ ಲೋಕಕ್ಕೆ ಅಡ್ಡದಾರಿಯಂಥ ಸುರಂಗ, ದಾಟಿ ಮೊದಲ ಗ್ರಹಕ್ಕೆ ಇಳಿಯುತ್ತಾರೆ. ಹತ್ತಿರದ ಬ್ಲ್ಯಾಕ್ ಹೋಲಿನ ಸೆಳೆತದಿಂದ ಅಲ್ಲಿ ಒಂದು ಗಂಟೆ ಅಂದರೆ ಭೂಮಿಯಲ್ಲಿ 7 ವರ್ಷ. ಇಳಿಯುವ ಮೊದಲೇ ಈ ಲೆಕ್ಕವನ್ನು ನಮಗೆ ಹೇಳಿಬಿಡುತ್ತಾರೆ. ಬೆಟ್ಟದಂಥ ಅಲೆ ಬರುತ್ತದೆ, ಒಬ್ಬ ಸಾಯುತ್ತಾನೆ, ಇಂಜಿನ್ನಿಗೆ ನೀರು ತುಂಬಿ ಹೊರಡುವುದು ತಡವಾಗುತ್ತದೆ.

ಮೂರನೇ ಅಂಕ ಶುರುವಾಗುವುದು ಅವರು ದೊಡ್ಡ ನೌಕೆಗೆ ಹಿಂತಿರುಗಿದಾಗ. 23 ವರ್ಷ ಕಳೆದುಹೋಗಿದೆ. ನೌಕೆಯಲ್ಲೇ ಉಳಿದು ಕಾಯುತ್ತಿದ್ದ ತಂಡದ ರೊಮಿಲಿಯ ಗಡ್ಡ ನೆರೆತಿದೆ. ಕೂಪರ್ ಕುರ್ಚಿಯಲ್ಲಿ ಕೂತು ಮನೆಯಿಂದ ಬಂದ ವಿಡಿಯೋಗಳನ್ನು ಒಂದಾದ ಮೇಲೊಂದು ನೋಡುತ್ತಾನೆ. ಮಗ ಒಬ್ಬ ಹುಡುಗಿ ಸಿಕ್ಕಿದ್ದಾಳೆ ಎನ್ನುತ್ತಾನೆ, ಮಗುವನ್ನು ಎತ್ತಿಕೊಂಡು ತೋರಿಸುತ್ತಾನೆ, ತಾತ ತೀರಿಕೊಂಡರು ಎನ್ನುತ್ತಾನೆ, ಕೊನೆಗೆ ಇನ್ನು ನಿನ್ನ ಆಸೆ ಬಿಡುತ್ತೇನೆ ಅಪ್ಪಾ ಎಂಬರ್ಥದ ಮಾತಾಡಿ ನಿಲ್ಲಿಸುತ್ತಾನೆ. ಆಮೇಲೆ ಇಷ್ಟು ವರ್ಷ ಒಂದೂ ಸಂದೇಶ ಕಳಿಸದ ಮರ್ಫ್ ತೆರೆಯ ಮೇಲೆ ಬರುತ್ತಾಳೆ. ಅಪ್ಪ ಬಿಟ್ಟುಹೋದಾಗ ಅವನಿಗೆ ಎಷ್ಟು ವಯಸ್ಸಾಗಿತ್ತೋ ಇವತ್ತು ಅವಳಿಗೆ ಅಷ್ಟೇ ವಯಸ್ಸು.

ಇಲ್ಲಿ ಸ್ಫೋಟ ಇಲ್ಲ, ಓಟ ಇಲ್ಲ. ಒಬ್ಬ ಗಂಡಸು ಕೂತು ಅಳುತ್ತಿದ್ದಾನೆ, ಅಷ್ಟೇ. ಆದರೂ ಶಿಖರ ಶುರುವಾಗುವುದು ಇಲ್ಲೇ. ಮರ್ಫ್ ಮಾತು ಮುಗಿಸುತ್ತಿದ್ದ ಹಾಗೆ ಕ್ಯಾಮೆರಾ ಅವಳಿರುವ ಕೋಣೆಗೆ ಹೋಗುತ್ತದೆ. ಅಲ್ಲಿಯವರೆಗೆ ಅಪ್ಪನ ಜೊತೆಯಲ್ಲೇ ಇದ್ದ ಸಿನಿಮಾ ಅಲ್ಲಿಂದ ಮುಂದೆ ಅಪ್ಪ ಮತ್ತು ಮಗಳು ಅಂತ ಎರಡು ಹಳಿಯ ಮೇಲೆ ಓಡುತ್ತದೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಪೆಟ್ಟು: ಭೂಮಿಯ ಜನರನ್ನು ಕಾಪಾಡುವ ಯೋಜನೆ ಮೊದಲಿಂದಲೂ ಸುಳ್ಳಾಗಿತ್ತು ಅಂತ ಈ ಯಾನದ ಹಿಂದಿದ್ದ ವಿಜ್ಞಾನಿ ಪ್ರೊಫೆಸರ್ ಬ್ರ್ಯಾಂಡ್ ಸಾಯುವ ಮುಂಚೆ ಮರ್ಫ್‌ಗೆ ಒಪ್ಪಿಕೊಳ್ಳುತ್ತಾರೆ. ಮನುಕುಲವನ್ನೂ ಉಳಿಸುತ್ತೇನೆ, ಮಕ್ಕಳ ಹತ್ತಿರವೂ ಹೋಗುತ್ತೇನೆ ಅಂದುಕೊಂಡಿದ್ದ ಕೂಪರ್‌ಗೆ ಈಗ ಎರಡೂ ಒಟ್ಟಿಗೆ ಸಾಧ್ಯವಿಲ್ಲ. ಶಿಖರ ಅಂದರೆ ಇದೇ. ಇನ್ನು ಮುಂದೆ ಅವನು ಮೊದಲಿನ ಹಾಗೆ ಆಸೆಪಡುವ ಹಾಗಿಲ್ಲ.

ತುಂಬಾ ಜನ ನನ್ನ ಜೊತೆ ವಾದ ಮಾಡುವುದು ಇಲ್ಲೇ. ಗಿರಗಿರ ತಿರುಗುವ ನೌಕೆಗೆ ಕೂಪರ್ ತನ್ನ ನೌಕೆಯನ್ನು ಜೋಡಿಸುವ ದೃಶ್ಯವೇ ಕ್ಲೈಮ್ಯಾಕ್ಸ್ ಅಲ್ವಾ ಅಂತಾರೆ. ಮೈ ಜುಮ್ಮೆನ್ನಿಸುವ ದೃಶ್ಯ, ನಿಜ. ಆದರೆ ಅದು ನಾಲ್ಕನೇ ಅಂಕದ ದೃಶ್ಯ. ಆ ಅಂಕದ ಕೆಲಸ ಬೆಲೆ ವಸೂಲಿ ಮಾಡುವುದು. ಮೊದಲೇ ಇನ್ನೊಂದು ಗ್ರಹಕ್ಕೆ ಹೋಗಿ, ಒಂಟಿತನಕ್ಕೆ ಹೆದರಿ ಇಲ್ಲಿ ಬದುಕಬಹುದು ಅಂತ ಸುಳ್ಳು ಮಾಹಿತಿ ಕಳಿಸಿದ್ದ ಡಾಕ್ಟರ್ ಮಾನ್ ಕೂಪರ್‌ನನ್ನು ಕೊಲ್ಲಲು ನೋಡುತ್ತಾನೆ, ರೊಮಿಲಿ ಸಾಯುತ್ತಾನೆ, ನೌಕೆ ಒಡೆಯುತ್ತದೆ, ಬ್ಲ್ಯಾಕ್ ಹೋಲ್ ಸುತ್ತಿ ಹೋಗುವುದಕ್ಕೆ ಇನ್ನೂ 51 ವರ್ಷ ತೆರಬೇಕಾಗುತ್ತದೆ. ನಮ್ಮ ನಾಟ್ಯಶಾಸ್ತ್ರದಲ್ಲೂ ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ ಅಂತ ಐದು ಸಂಧಿಗಳಿವೆ, ಅಂದರೆ ಕಥೆಯ ಘಟ್ಟಗಳು. ಸಿಟ್ಟು, ಸಂಕಟ ಅಥವಾ ಆಮಿಷದಿಂದ ಕೆಲಸ ಕೆಡುವ ಹಾಗಾಗುವುದು ವಿಮರ್ಶ ಸಂಧಿಯಲ್ಲಿ ಅಂತ ನಾಟಕದ ಬಗ್ಗೆ ಧನಂಜಯ ಬರೆದ ಸಂಸ್ಕೃತ ಗ್ರಂಥ ‘ದಶರೂಪಕ’ ಹೇಳುತ್ತದೆ. ಡಾಕ್ಟರ್ ಮಾನ್ ಬಂದು ಮಾಡುವುದೂ ಅದನ್ನೇ. ಎರಡು ಪರಂಪರೆಗಳೂ ಒಂದೇ ಅಂತ ನಾನು ಹೇಳುತ್ತಿಲ್ಲ. ಫ್ರೈಟಾಗ್ ನೋಡುವುದು ಬೀಳುವಿಕೆಯನ್ನು, ನಮ್ಮವರು ನೋಡುವುದು ಫಲ ಸಿಗುವುದನ್ನು. ಇಂಟರ್‌ಸ್ಟೆಲ್ಲಾರ್‌ನ ಕೊನೆ ನಮ್ಮ ಲೆಕ್ಕಕ್ಕೇ ಹತ್ತಿರ.

ಐದನೇ ಅಂಕದಲ್ಲಿ ಬಿತ್ತಿದ್ದೆಲ್ಲ ಕೈಗೆ ಬರುತ್ತದೆ. ಬ್ಲ್ಯಾಕ್ ಹೋಲ್ ಒಳಗೆ ಹೋದ ಕೂಪರ್‌ಗೆ ಅಲ್ಲಿಂದ ಮಗಳ ಕೋಣೆಯ ಹಳೇ ಕಾಲವನ್ನು ಮುಟ್ಟಲು ಆಗುತ್ತದೆ. ಪುಸ್ತಕ ಬೀಳಿಸಿದವನು, ಧೂಳಿನಲ್ಲಿ ಗೆರೆ ಎಳೆದವನು ಅವನೇ. ಬ್ಲ್ಯಾಕ್ ಹೋಲ್ ಒಳಗಿನ ಮಾಹಿತಿಯನ್ನು ಅದೇ ಕೈಗಡಿಯಾರದ ಸೆಕೆಂಡ್ ಮುಳ್ಳಿನಲ್ಲಿ ಮೋರ್ಸ್ ಕೋಡ್ ಆಗಿ ಮಗಳಿಗೆ ದಾಟಿಸುತ್ತಾನೆ. ಇದು ಅದ್ಭುತವಾದ ಜೋಡಣೆ, ಆದರೆ ಇಲ್ಲೇ ಸಿನಿಮಾ ಎಡವುತ್ತದೆ ಅಂತಲೂ ನನಗೆ ಅನಿಸುತ್ತದೆ. ಏನಾಗುತ್ತಿದೆ ಅಂತ ಕೂಪರ್ ರೋಬೋಟ್ ಜೊತೆ ಮಾತಾಡುತ್ತಾ ಎಲ್ಲವನ್ನೂ ಬಿಡಿಸಿ ಹೇಳುತ್ತಾನೆ. ಮೊದಲ ಅಂಕದಲ್ಲಿ ಶಾಲೆಯ ಒಂದು ದೃಶ್ಯದ ಮೇಲೆ ಇದ್ದ ಭರವಸೆ ಇಲ್ಲಿ ನೋಲನ್ ಅವರಿಗೆ ಇರಲಿಲ್ಲ. ಗಡಿಯಾರದ ಮುಳ್ಳು ಸಾಕಿತ್ತು.

ಹಾಗಾದರೆ ನಮ್ಮ ಸ್ಕ್ರಿಪ್ಟನ್ನೂ ಹೀಗೇ ಐದು ತುಂಡು ಮಾಡಬೇಕಾ ಅಂತ ಕೇಳುತ್ತೀರಿ. ನಿಮಿಷ ಲೆಕ್ಕ ಹಾಕಿ ಮಾಡಬೇಡಿ. 169 ನಿಮಿಷದ ಈ ಸಿನಿಮಾದಲ್ಲಿ ಮೊದಲ ಅಂಕಕ್ಕೇ ಸುಮಾರು ಮುಕ್ಕಾಲು ಗಂಟೆ ಹೋಗುತ್ತದೆ. ಮೊದಲು ಮೂರನೇ ಅಂಕದ ದೃಶ್ಯ ಹುಡುಕಿ, ಮಿಕ್ಕಿದ್ದನ್ನು ಅದರ ಎರಡೂ ಬದಿಗೆ ಬರೆಯಿರಿ. ನಿಮ್ಮ ನಾಯಕಿಗೆ ಶುರುವಿನಿಂದ ಕೊನೆವರೆಗೂ ಒಂದೇ ಗುರಿ ಇದ್ದರೆ, ಉದಾಹರಣೆಗೆ ಬಾಹ್ಯಾಕಾಶದಲ್ಲಿ ಒಂಟಿಯಾಗಿ ಉಳಿದವಳು ಜೀವಸಹಿತ ಭೂಮಿಗೆ ಬರಬೇಕು ಅಂತಷ್ಟೇ ಇದ್ದರೆ, ಬಲವಂತ ಮಾಡಬೇಡಿ. ಅಂಥ ಕಥೆಗೆ ಮೂರು ಅಂಕವೇ ಸರಿ.