ಟಿವಿ ಆಫ್ ಆದರೆ ಸ್ಟಿಕ್ಕೂ ನಿಲ್ಲಬೇಕು: ಕೆಲಸ ಎಲ್ಲಿಗೆ ಬಂತು

ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಉಡುಪಿಯ ನಮ್ಮ ಮನೆಯಲ್ಲಿ ಆಟ ನಡೆಯುವುದು ಯೂಟ್ಯೂಬಿನಲ್ಲಿ. ಅಮ್ಮ ಇಡೀ ರಾತ್ರಿಯ ಪ್ರಸಂಗ ಹಾಕುತ್ತಾರೆ, ನಿದ್ದೆ ಬಂದಾಗ ಟಿವಿ ರಿಮೋಟ್ ಒತ್ತಿ ಮಲಗುತ್ತಾರೆ. ಟಿವಿ ಹಿಂದೆ ಸಿಕ್ಕಿಸಿದ, ಯೂಟ್ಯೂಬ್ ಓಡಿಸುವ ಸ್ಟ್ರೀಮಿಂಗ್ ಸ್ಟಿಕ್‌ಗೆ ಅದು ಗೊತ್ತೇ ಆಗುವುದಿಲ್ಲ. ಭಾಗವತರು ಮಂಗಳ ಹಾಡುವವರೆಗೂ ವಿಡಿಯೋ ಓಡುತ್ತದೆ, ಆಮೇಲೆ ಆಟೋಪ್ಲೇಯಲ್ಲಿ ಇನ್ನೊಂದು ಪ್ರಸಂಗ. ಎಚ್‌ಡಿ ವಿಡಿಯೋ ಗಂಟೆಗೆ 3 ಜಿಬಿವರೆಗೂ ನುಂಗಬಹುದು. ನಮ್ಮದು ಲಿಮಿಟ್ ಇರುವ ಪ್ಲಾನ್.

ಮೊದಲು ಸ್ಟಿಕ್ಕಿನ ರಿಮೋಟಿನಲ್ಲಿ ಹೋಮ್ ಒತ್ತಿ, ಆಮೇಲೆ ಟಿವಿ ಆಫ್ ಮಾಡಿ ಅಂದೆ. "ಒಂದು ಟಿವಿಗೆ ಎರಡು ರಿಮೋಟ್ ಎಂಥಕ್ಕೆ ಮಾರಾಯ?" ಅಂದರು. ಪ್ರಶ್ನೆ ಸರಿಯೇ ಉಂಟು. ಹಾಗಾಗಿ ಈ ಪ್ರಾಜೆಕ್ಟಿಗೆ ಷರತ್ತು ಒಂದೇ: ಅಮ್ಮ ಒಂದು ಬಟನ್ ಕೂಡ ಜಾಸ್ತಿ ಒತ್ತುವ ಹಾಗಿರಬಾರದು.

ಸುಲಭದ ದಾರಿ ಸಿಇಸಿ, ಅಂದರೆ ಎಚ್‌ಡಿಎಂಐ ಕೇಬಲ್ಲಿನಲ್ಲೇ ಸಾಧನಗಳು ಒಂದಕ್ಕೊಂದು ಆದೇಶ ಕಳಿಸುವ ವ್ಯವಸ್ಥೆ. ಎಚ್‌ಡಿಎಂಐ ಕನೆಕ್ಟರಿನ 13ನೇ ಪಿನ್ ಇರುವುದೇ ಇದಕ್ಕೆ. ಟಿವಿ ಆಫ್ ಆಗುವಾಗ ಈ ತಂತಿಯಲ್ಲೇ 'ಸ್ಟ್ಯಾಂಡ್‌ಬೈ' ಅಂತ ಉಳಿದ ಸಾಧನಗಳಿಗೂ ಹೇಳಬಹುದು. ಆದರೆ ಸೆಟ್ಟಿಂಗ್ಸಿನಲ್ಲಿ ಒಂದೊಂದು ಕಂಪನಿಯದ್ದು ಒಂದೊಂದು ಹೆಸರು. ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್. ನಿಮ್ಮ ಟಿವಿಯಲ್ಲಿದ್ದರೆ ಮೊದಲು ಅದನ್ನು ಆನ್ ಮಾಡಿ ನೋಡಿ, ಮುಂದಿನದ್ದು ಓದುವುದೇ ಬೇಡವಾಗಬಹುದು. ನಮ್ಮ ಚಾವಡಿಯ ಹಳೇ ಟಿವಿಗೆ ಸಿಇಸಿ ಇಲ್ಲ.

ಟಿವಿಯ ಯುಎಸ್‌ಬಿಯಿಂದಲೇ ಸ್ಟಿಕ್‌ಗೆ ಕರೆಂಟ್ ಕೊಟ್ಟರೆ ಎರಡೂ ಒಟ್ಟಿಗೇ ಆಫ್ ಆಗ್ತದೆ ಅಲ್ವಾ? ಯುಎಸ್‌ಬಿ 2.0 ಪೋರ್ಟಿನ ಲೆಕ್ಕ 500 ಮಿಲಿಆ್ಯಂಪ್, ಸ್ಟಿಕ್ ಕೇಳುವುದು 1 ಆ್ಯಂಪ್. ಪ್ರತಿ ಸಲ ಬೂಟ್ ಆಗುವವರೆಗೆ ಬೇರೆ ಕಾಯಬೇಕು. ಬಿಟ್ಟೆ.

ಈಗ ನಡೆಯುತ್ತಿರುವ ಏರ್ಪಾಡು ಹೀಗೆ. ಟಿವಿಯ ವಯರ್ ಮಾತ್ರ ವ್ಯಾಟ್ ಅಳೆಯುವ ಸ್ಮಾರ್ಟ್ ಪ್ಲಗ್ಗಿಗೆ ಹೋಗಿದೆ, ಸ್ಟಿಕ್ಕಿನ ಅಡಾಪ್ಟರ್ ಬೇರೆ ಪಾಯಿಂಟಿನಲ್ಲಿ. ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಹೋಮ್ ಅಸಿಸ್ಟೆಂಟ್ ಎಂಬ, ಮನೆಯ ಸಾಧನಗಳನ್ನು ನಡೆಸುವ ಸಾಫ್ಟ್‌ವೇರ್ ಕೂತಿದೆ. ಟಿವಿ 10 ವ್ಯಾಟ್‌ಗಿಂತ ಕೆಳಗಿಳಿದು ಅರ್ಧ ನಿಮಿಷ ಹಾಗೇ ಇದ್ದರೆ, ಪೈ ವೈಫೈ ಮೇಲೆ ಎಡಿಬಿ (ಆಂಡ್ರಾಯ್ಡ್ ಸಾಧನಕ್ಕೆ ಬೇರೆ ಕಂಪ್ಯೂಟರಿನಿಂದ ಆದೇಶ ಕಳಿಸುವ ಟೂಲ್) ಮೂಲಕ ಸ್ಟಿಕ್‌ಗೆ ಮೂರು ಕೀ ಕಳಿಸುತ್ತದೆ: 127 ಅಂದರೆ ಪಾಜ್, 3 ಅಂದರೆ ಹೋಮ್, 223 ಅಂದರೆ ಸ್ಲೀಪ್. ಪಾಜ್ ಮೊದಲು ಯಾಕೆ ಅಂದರೆ, ಕೆಲವು ಆ್ಯಪ್‌ಗಳು ಹೋಮ್ ಒತ್ತಿದರೂ ಹಿಂದೆ ಹಾಡುತ್ತಲೇ ಇರುತ್ತವೆ. ಪಾಜ್ ಆದರೆ ಪ್ರಸಂಗ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ನೋಡಬಹುದು. ಅಮ್ಮನಿಗೆ ಇಷ್ಟವಾದದ್ದು ಇದೊಂದೇ. ಡೇಟಾ ಉಳಿತಾಯದ ಬಗ್ಗೆ ಅವರಿಗೇನೂ ಇಲ್ಲ.

ಸ್ಟಿಕ್‌ನಲ್ಲಿ ಡೆವಲಪರ್ ಆಯ್ಕೆ ತೆರೆದು ಎಡಿಬಿ ಆನ್ ಮಾಡಬೇಕು. ಮೊದಲ ಸಲ ಕನೆಕ್ಟ್ ಆಗುವಾಗ ಟಿವಿ ಪರದೆಯಲ್ಲಿ ಅನುಮತಿ ಕೇಳುತ್ತದೆ. ರೂಟರಿನಲ್ಲಿ ಸ್ಟಿಕ್‌ಗೆ ಒಂದೇ ಐಪಿ ವಿಳಾಸ ಕಾಯಂ ಮಾಡಿದ್ದೇನೆ. ಇಲ್ಲದಿದ್ದರೆ ಅದು ಬದಲಾದಾಗ ಪೈಗೆ ಸ್ಟಿಕ್ ಸಿಗುವುದಿಲ್ಲ.

ಬಾಕಿ ಇರುವ ತಲೆನೋವು ಮಳೆಗಾಲದ ಕರೆಂಟ್. ಹೋಗಿ ಬಂದಾಗ ಪೈ ಬೇಗ ಏಳುತ್ತದೆ, ರೂಟರ್ ನಿಧಾನ. ಆಗ ಕನೆಕ್ಷನ್ ಸಿಗದೆ ಪೈ ಸುಮ್ನೆ ಕೂರುತ್ತದೆ. ರೂಟರ್ ಎದ್ದ ಮೇಲೆ ಮತ್ತೆ ಪ್ರಯತ್ನಿಸುವಂತೆ ಒಂದು ಆಟೊಮೇಷನ್ ಬರೆಯುತ್ತಿದ್ದೇನೆ. ಹೀಗೆ ಪದೇ ಪದೇ ಕರೆಂಟ್ ಹೋದರೆ ಪೈಯ ಎಸ್‌ಡಿ ಕಾರ್ಡಿಗೂ ಒಳ್ಳೆಯದಲ್ಲ, ಹಾಗಾಗಿ ಪೈ, ರೂಟರ್ ಎರಡನ್ನೂ ಇನ್ವರ್ಟರ್ ಲೈನಿಗೆ ಹಾಕಿಸಬೇಕು. ಎಲೆಕ್ಟ್ರಿಶಿಯನ್ ಮಳೆ ಬಿಡಲಿ, ಬರ್ತೇನೆ ಅಂದಿದ್ದಾರೆ.