‘ಮತ್ತೆ ಓದೋದು ಯಾವಾಗ?’

ನಾನು ಮೇಷ್ಟ್ರು. ಮೈಸೂರಿನಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಒಂದು ಸಣ್ಣ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಒಂದರಿಂದ ಏಳನೇ ಕ್ಲಾಸಿನವರೆಗೆ ಇದೆ. ಬೆಳಗ್ಗೆ ಬಂದ ಕೂಡಲೇ 40 ನಿಮಿಷ ಎಲ್ಲರೂ ಹಾಡುತ್ತಾರೆ. ಸಂಗೀತದ ಮೊದಲ ಪಾಠಗಳಾದ ಸರಳೆ, ಜಂಟಿ, ಅಲಂಕಾರ, ಆಮೇಲೆ ಒಂದು ದೇವರನಾಮವೋ ಜನಪದ ಗೀತೆಯೋ. ಮಧ್ಯಾಹ್ನ ಊಟ ಆದಮೇಲೆ ಎರಡು ಪೀರಿಯಡ್ ಪ್ರಾಜೆಕ್ಟ್. ಕೊಯ್ಯುತ್ತಾರೆ, ಉಜ್ಜುತ್ತಾರೆ, ಅಳೆಯುತ್ತಾರೆ, ಅಂಟಿಸುತ್ತಾರೆ, ಕೆಡಿಸುತ್ತಾರೆ. ಮಾಡುವುದರಲ್ಲಿ ಅರ್ಧಕ್ಕರ್ಧ ವಾದ್ಯಗಳೇ. ಏಕತಾರಿ, ಕೊಳಲು, ಪಿಂಗಾಣಿ ಬಟ್ಟಲಿನ ಜಲತರಂಗ.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಎದುರಿನವರು ಕೇಳುತ್ತಾರೆ: ‘ಚೆನ್ನಾಗಿದೆ ಸಾರ್. ಮತ್ತೆ ಓದೋದು ಯಾವಾಗ?’

ಹನ್ನೊಂದು ವರ್ಷದಿಂದ ಇದಕ್ಕೆ ಬಾಯಲ್ಲಿ ಉತ್ತರ ಹೇಳಿದ್ದೇನೆ. ಮದುವೆ ಮನೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು. ಇನ್ನು ನನ್ನ ಕೈಲಾಗಲ್ಲ. ಇನ್ನು ಮುಂದೆ ಕೇಳಿದವರಿಗೆ ಇದನ್ನು ಕಳಿಸುತ್ತೇನೆ.

ಉತ್ತರ ಇಷ್ಟೇ: ಮಿಕ್ಕ ಪೀರಿಯಡ್‌ಗಳಲ್ಲಿ ಓದುತ್ತಾರೆ. ಕನ್ನಡ, ಇಂಗ್ಲಿಷ್, ಗಣಿತ, ಸಮಾಜ ಎಲ್ಲ ಇದೆ. ಮಗ್ಗಿ ಇದೆ. ಕಾಪಿ ಬರೆಯುವುದೂ ಇದೆ. ಸಾಕಾಯಿತಾ?

ಸಾಕಾಗುವುದಿಲ್ಲ, ಗೊತ್ತು. ಆ ‘ಮತ್ತೆ’ ಅನ್ನುವ ಪದ ಇದೆಯಲ್ಲ, ತಕರಾರು ಅದರಲ್ಲಿದೆ. ‘ಮತ್ತೆ’ ಅಂದರೆ, ಇಷ್ಟು ಹೊತ್ತು ನೀವು ಹೇಳಿದ್ದು ಓದಿನ ಲೆಕ್ಕಕ್ಕೆ ಬರಲ್ಲ, ಅದನ್ನು ಪಕ್ಕಕ್ಕಿಡಿ, ಅಸಲು ವಿಷಯಕ್ಕೆ ಬನ್ನಿ ಅಂತ. ಪ್ರಶ್ನೆ ಕೇಳುವ ಮೊದಲೇ ತೀರ್ಪು ಆಗಿಹೋಗಿದೆ.

ಹೋದ ವರ್ಷ ನೆಂಟರೊಬ್ಬರ ಗೃಹಪ್ರವೇಶ. ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದವರು ಹೆಂಡತಿಯ ಸೋದರಮಾವ. ಬ್ಯಾಂಕಿನಲ್ಲಿದ್ದು ರಿಟೈರ್ ಆದವರು. ಕೋಸಂಬರಿ ಮುಗಿಯುವಷ್ಟರಲ್ಲಿ ಶುರು ಮಾಡಿದರು. ‘ಅಳಿಯಂದ್ರೇ, ಹಾಡೂ ಸರಿ, ಬಡಗಿ ಕೆಲಸಾನೂ ಸರಿ. ಮತ್ತೆ ಓದೋದು ಯಾವಾಗ? ಈಗಿನ ಮಕ್ಕಳು ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 625 ತೆಗೀತಾವೆ!’

ನಾನು ಹುಳಿ ಅನ್ನ ಕಲಸುತ್ತಾ ಸುಮ್ಮನಿದ್ದೆ. ಅವರು ಬಿಡಬೇಕಲ್ಲ. ‘ಪ್ರಾಜೆಕ್ಟು ನಮ್ಮ ಮೊಮ್ಮಗನ ಸ್ಕೂಲಲ್ಲೂ ಇದೆ’ ಅಂತ ಎಡಗೈಯಲ್ಲಿ ಫೋನ್ ತೆಗೆದು ಫೋಟೋ ತೋರಿಸಿದರು. ಥರ್ಮೋಕೋಲಿನ ಸೌರವ್ಯೂಹ. ಒಳಗೆ ಬಲ್ಬು ಬೇರೆ. ಫಸ್ಟ್ ಪ್ರೈಜ್ ಬಂತಂತೆ. ಎಣಿಸಿದೆ, ಒಂಬತ್ತು ಗ್ರಹ ಇತ್ತು. ಪ್ಲೂಟೊವನ್ನು 2006ರಲ್ಲೇ ಗ್ರಹಗಳ ಪಟ್ಟಿಯಿಂದ ತೆಗೆದಾಗಿದೆ. ಊಟದ ಹೊತ್ತಿನಲ್ಲಿ ಬೇಡ ಅಂತ ಅದನ್ನು ಎತ್ತಲಿಲ್ಲ.

‘ಚೆನ್ನಾಗಿದೆ ಮಾವ. ಯಾರು ಮಾಡಿದ್ದು?’

‘ಎಲ್ಲರೂ ಸೇರಿ. ಸೊಸೆ ಪೇಂಟ್ ಮಾಡಿದಳು, ಮಗ ವೈರಿಂಗ್ ಮಾಡಿದ. ಮುಗಿಯೋ ಹೊತ್ತಿಗೆ ರಾತ್ರಿ ಹನ್ನೆರಡೂವರೆ.’

‘ಹುಡುಗ?’

‘ಅವನು ಮಲಗಿದ್ದ, ಪಾಪ. ಬೆಳಗ್ಗೆ ಸ್ಕೂಲಿತ್ತಲ್ಲ.’

ನಗಬೇಡಿ. ಪ್ರಾಜೆಕ್ಟ್ ಅಂದರೆ ನಮ್ಮಲ್ಲಿ ಬಹಳ ಕಡೆ ಇದೇ. ಸ್ಟೇಷನರಿ ಅಂಗಡಿಯಿಂದ ಥರ್ಮೋಕೋಲು ಬರುತ್ತದೆ, ಅಪ್ಪ ಅಮ್ಮ ನಿದ್ದೆಗೆಡುತ್ತಾರೆ, ಮಾರನೇ ದಿನ ಗೋಡೆ ಪಕ್ಕ ನಿಲ್ಲುತ್ತದೆ. ನೋಡಲು ಚೆನ್ನಾಗಿದ್ದರೆ ಸಾಕು. ಅಡುಗೆ ಸೋಡಾ, ವಿನೆಗರ್ ಹಾಕಿದ ಜ್ವಾಲಾಮುಖಿ ಎಷ್ಟು ನೋಡಿದ್ದೇನೋ, ಲೆಕ್ಕ ಇಟ್ಟಿಲ್ಲ.

ಅದಕ್ಕೇ ನಮ್ಮಲ್ಲಿ ಪ್ರಾಜೆಕ್ಟಿಗೆ ಸಂಗೀತ ಗಂಟು ಬಿದ್ದಿದ್ದು. ಯಾವುದೋ ದೊಡ್ಡ ಸಿದ್ಧಾಂತ ಓದಿಕೊಂಡು ಮಾಡಿದ್ದಲ್ಲ. ಕೊಳಲನ್ನು ಅಪ್ಪ ಮಾಡಿಕೊಟ್ಟರೂ ಅದು ಊದಿದಾಗ ಶ್ರುತಿಗೆ ಸೇರಬೇಕು. ಬಣ್ಣ ಬಳಿದರೆ ಸೇರುವುದಿಲ್ಲ, ಬಲ್ಬು ಹಾಕಿದರೂ ಸೇರುವುದಿಲ್ಲ. ಇನ್ನು ಬೆಳಗ್ಗೆ 40 ನಿಮಿಷ ಶ್ರುತಿಪೆಟ್ಟಿಗೆ ಮುಂದೆ ಕೂತು ಹಾಡುವ ಮಕ್ಕಳಿಗೆ, ಸೇರಿತೋ ಇಲ್ಲವೋ ಅಂತ ಮೇಷ್ಟ್ರು ಹೇಳಬೇಕಾಗಿಲ್ಲ.

ನನಗೆ ಇದು ಚೆನ್ನಾಗಿ ಅರ್ಥವಾದ ದಿನ ಒಂದಿದೆ. ಏಳನೇ ಕ್ಲಾಸು, ಅರ್ಧ ಇಂಚಿನ ಪಿವಿಸಿ ಪೈಪಿನ ಕೊಳಲು. ಬೆರಳಿನ ತೂತುಗಳು ಆಮೇಲೆ. ಮೊದಲು ಊದುವ ತೂತು ಒಂದೇ ಇದ್ದಾಗ ಇಡೀ ಪೈಪು ಸ ಹೇಳಬೇಕು. ಹುಡುಗಿಯರು ಹಾಡುವುದು ಐದು ಮನೆ ಶ್ರುತಿಗೆ, ಅಂದರೆ ಹಾರ್ಮೋನಿಯಂನ ಐದನೇ ಬಿಳಿ ಮನೆಯನ್ನು ಸ ಮಾಡಿಕೊಂಡು. ಅದರ ಮೇಲಿನ ಸ ಅಂದರೆ ಸೆಕೆಂಡಿಗೆ 392 ಕಂಪನ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. 343ನ್ನು 392ರ ಎರಡರಷ್ಟರಿಂದ ಭಾಗಿಸಿದರೆ ಪೈಪಿನ ಉದ್ದ ಸಿಗುತ್ತದೆ ಅಂತ ಬೋರ್ಡಿನ ಮೇಲೆ ಬರೆದೆ. ಸುಮಾರು 43.7 ಸೆಂ.ಮೀ. ಬಂತು. ಮಕ್ಕಳು ಒಂದು ತುದಿಗೆ ಬೆಂಡು ತುರುಕಿದರು, ಊದುವ ತೂತು ಕೊರೆದರು, ಅಲ್ಲಿಂದ ಇನ್ನೊಂದು ತುದಿಗೆ 43.7 ಅಳೆದು ಕೊಯ್ದರು.

ಎರಡು ಜಡೆಯ ಒಬ್ಬ ಹುಡುಗಿ ಎಲ್ಲರಿಗಿಂತ ಮೊದಲು ಮುಗಿಸಿ, ಶ್ರುತಿಪೆಟ್ಟಿಗೆ ಹಾಕಿ ಊದಿದಳು. ಹುಣಸೆಹಣ್ಣು ತಿಂದವಳ ಹಾಗೆ ಮುಖ ಮಾಡಿದಳು.

‘ಸರ್, ಇದು ನಿ ಹೇಳ್ತಿದೆ.’

ನಾನು ಸ್ಕೇಲ್ ಹಿಡಿದೆ. 43.7 ಸರಿಯಾಗಿಯೇ ಇತ್ತು. ‘ಲೆಕ್ಕ ಸರಿ ಇದೆಯಲ್ಲಮ್ಮ’ ಅಂದೆ.

‘ಲೆಕ್ಕ ಸರಿ ಇರಬಹುದು ಸರ್. ಪೈಪು ನಿ ಹೇಳ್ತಿದೆ. ನಿಗಿಂತಾನೂ ಚೂರು ಕೆಳಗೇ.’

ಮಾಯಾಮಾಳವಗೌಳದ ನಿ. ಪುರಂದರದಾಸರು ಹಾಕಿಕೊಟ್ಟದ್ದು ಅಂತ ನಾವೆಲ್ಲ ನಂಬಿರುವ ಅದೇ ಮೊದಲ ಪಾಠದ ರಾಗ. ಸ ಕ್ಕೆ ಅಂಟಿಕೊಂಡ ಹಾಗಿರುವ ಆ ನಿಯನ್ನು ಅವಳು ಮೂರು ವರ್ಷದಿಂದ ದಿನಾ ಬೆಳಗ್ಗೆ ಹಾಡಿದ್ದಾಳೆ. ಅವಳ ಜೊತೆ ವಾದ ಮಾಡುವಂತಿರಲಿಲ್ಲ. ಫೋನಿನಲ್ಲಿ ಶ್ರುತಿ ಅಳೆಯುವ ಟ್ಯೂನರ್ ಹಾಕಿ ನೋಡಿದೆ. ಅವಳು ಹೇಳಿದ್ದೇ ಸರಿ.

ಆಗಿದ್ದು ಏನೆಂದರೆ, ಪೈಪಿನೊಳಗೆ ಅದುರುವ ಗಾಳಿ ಪೈಪಿನ ಬಾಯಿಗೇ ನಿಲ್ಲುವುದಿಲ್ಲ. ಸ್ವಲ್ಪ ಆಚೆಗೂ ಇಣುಕುತ್ತದೆ. ಊದುವ ತೂತು ಚಿಕ್ಕದು, ಅದರಲ್ಲೂ ಅರ್ಧ ತುಟಿ ಮುಚ್ಚಿರುತ್ತದೆ. ಹಾಗಾಗಿ ಪೈಪು ತಾನು ಇರುವುದಕ್ಕಿಂತ ಉದ್ದ ಇದ್ದೇನೆ ಅಂದುಕೊಂಡು ತಗ್ಗಿ ನುಡಿಯುತ್ತದೆ. ಇದಕ್ಕೆ ಎಂಡ್ ಕರೆಕ್ಷನ್ ಅನ್ನುತ್ತಾರೆ. ಬಿ.ಎಸ್ಸಿ.ಯಲ್ಲಿ ನನಗೆ ಎರಡು ಮಾರ್ಕಿಗೆ ಬಂದಿತ್ತು. ಬರೆದು ಎರಡೂ ಮಾರ್ಕು ತಗೊಂಡಿದ್ದೆ. ಕಿವಿಯಲ್ಲಿ ಕೇಳಿದ್ದು ಅವತ್ತೇ ಮೊದಲು. ನಾನು ಓದಿದ್ದು ಯಾವಾಗ ಅಂತ ಮಾವನವರು ಕೇಳಿದ್ದರೆ ಸ್ವಲ್ಪ ಕಷ್ಟವೇ ಆಗುತ್ತಿತ್ತು.

ಆಮೇಲೆ ಎರಡು ಮಧ್ಯಾಹ್ನ ಪೂರ್ತಿ ಅದೇ. ಒಂದು ಚೂರು ಕೊಯ್ಯುವುದು, ಉಜ್ಜುವುದು, ಊದುವುದು, ಮತ್ತೆ ಕೊಯ್ಯುವುದು. ಸ ಸಿಕ್ಕಾಗ ಅವಳ ಪೈಪು 40ರ ಹತ್ತಿರ ಬಂದಿತ್ತು. ಮಾರನೇ ದಿನ ಬೆಳಗ್ಗೆ, ಡಿಸೆಂಬರಿನ ಚಳಿಯಲ್ಲಿ ಊದಿದರೆ ಶ್ರುತಿ ಮತ್ತೆ ಕೂದಲೆಳೆಯಷ್ಟು ಇಳಿದಿದೆ. ಅಳುವುದೊಂದು ಬಾಕಿ. ಗಾಳಿ ಬಿಸಿಯಾದಷ್ಟೂ ಅದರಲ್ಲಿ ಶಬ್ದ ಬೇಗ ಓಡುತ್ತದೆ, ಒಂದು ಡಿಗ್ರಿಗೆ ಸೆಕೆಂಡಿಗೆ ಸುಮಾರು 0.6 ಮೀಟರ್ ಜಾಸ್ತಿ, ಶ್ರುತಿಯೂ ಏರುತ್ತದೆ. ಅದಕ್ಕೇ ಕೊಳಲಿನವರು ಕಛೇರಿಗೆ ಮೊದಲು ಸ್ವಲ್ಪ ಊದಿ ಬೆಚ್ಚಗೆ ಮಾಡಿಕೊಳ್ಳುತ್ತಾರೆ ಅಂತ ಸಂಗೀತದ ಮೇಡಂ ಹೇಳಿದರು. ಹುಡುಗಿ ಕೊಳಲನ್ನು ಸ್ವೆಟರಿನೊಳಗೆ ಇಟ್ಟುಕೊಂಡು ಮಗ್ಗಿ ಹೇಳಲು ಹೋದಳು.

ಪಂಕ್ತಿಗೆ ವಾಪಸ್ ಬರೋಣ. ಹೋಳಿಗೆ ಬಂತು, ತುಪ್ಪ ಬಂತು. ಮಾವನವರು ಕೊನೇ ಬಾಣ ಬಿಟ್ಟರು. ‘ಸೈನ್ಸ್ ಓದಬೇಕಾದೋರು ಯಾರಾದ್ರೂ ಮೃದಂಗ ಮುಂದಿಟ್ಕೊಂಡು ಕೂತಿರ್ತಾರಾ ಅಳಿಯಂದ್ರೇ?’ ಉತ್ತರ ಹೊಳೆಯಲಿಲ್ಲ. ಹೊಳೆದದ್ದು ಬಸ್ಸಿನಲ್ಲಿ ವಾಪಸ್ ಬರುವಾಗ, ಶ್ರೀರಂಗಪಟ್ಟಣ ದಾಟಿದ ಮೇಲೆ. ಕೂತಿದ್ದರು ಮಾವ, ಸರ್ ಸಿ.ವಿ. ರಾಮನ್ ಕೂತಿದ್ದರು! ನೊಬೆಲ್ ಬರುವುದಕ್ಕೆ 10 ವರ್ಷ ಮೊದಲು, 1920ರಲ್ಲಿ, ನಮ್ಮ ಮೃದಂಗ ತಬಲಾಗಳ ಬಗ್ಗೆ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಬರೀ ಚರ್ಮ ಬಿಗಿದರೆ, ಮೂಲ ಸ್ವರದ ಜೊತೆಗೇ ಹುಟ್ಟುವ ಮೇಲುಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ತಮಟೆಗೆ ಅದು ಬೇಕಾಗಿಯೂ ಇಲ್ಲ. ಮೃದಂಗದ ನಡುವೆ ಕರಣೆ ಅನ್ನುವ ಕಪ್ಪು ಲೇಪದ ತೂಕ ಬಿದ್ದಾಗ ಅವು ತಂತಿ ವಾದ್ಯದ ಹಾಗೆ ಸಾಲಾಗಿ ಬಂದು ನಿಲ್ಲುತ್ತವೆ, ಚರ್ಮಕ್ಕೆ ಶ್ರುತಿ ಬರುತ್ತದೆ. ತಂಬೂರಿಯ ತಂತಿಯ ಕೆಳಗೆ ಸಿಕ್ಕಿಸುವ ಜೀವಾಳದ ನೂಲನ್ನೂ ಅವರು ಬಿಟ್ಟಿರಲಿಲ್ಲ. ಇದನ್ನೆಲ್ಲ ಬಸ್ಸಿನ ಕಿಟಕಿಗೆ ಹೇಳಿದೆ.

ಇನ್ನು ಕೆಲವರು ‘ಇದೆಲ್ಲ ಫಾರಿನ್ ಪದ್ಧತಿ’ ಅನ್ನುತ್ತಾರೆ. ಹಾಡುತ್ತಾ, ಕಾರ್ಡು ಜೋಡಿಸುತ್ತಾ ಕಲಿಯುವ ನಲಿ-ಕಲಿ ಶುರುವಾಗಿದ್ದು 1995ರಲ್ಲಿ, ನಮ್ಮದೇ ಜಿಲ್ಲೆಯ ಎಚ್.ಡಿ. ಕೋಟೆಯ ಸರ್ಕಾರಿ ಶಾಲೆಗಳಲ್ಲಿ. ನನ್ನ ತಕರಾರು ಬೇರೆ. ಅಲ್ಲಿ ಮೂರನೇ ಕ್ಲಾಸು ಮುಗಿದ ಕೂಡಲೇ ಹಾಡು ಹೋಗಿ ಡೆಸ್ಕು ಬರುತ್ತದೆ. 2020ರ ಶಿಕ್ಷಣ ನೀತಿಯಲ್ಲಿ 6ರಿಂದ 8ನೇ ತರಗತಿಗೆ 10 ದಿನ ಬ್ಯಾಗ್ ಇಲ್ಲದೆ ಕೈಕೆಲಸ ಕಲಿಯಲಿ ಅಂತ ಇದೆ. ಹತ್ತು ದಿನ! ಪೈಪನ್ನು ನೇರವಾಗಿ ಕೊಯ್ಯುವುದು ಬರಲಿಕ್ಕೇ ಹತ್ತು ದಿನ ಬೇಕು.

ಬೈಯುವವರನ್ನು ತಡೆದುಕೊಳ್ಳಬಹುದು. ಹೊಗಳುವವರದ್ದೇ ಕಷ್ಟ. ‘ಸಂಗೀತ ಕಲಿತರೆ ಗಣಿತ ಚೆನ್ನಾಗಿ ಬರುತ್ತಂತೆ, ಹೌದಾ ಸಾರ್?’ ಈ ಮಾತು ಎಲ್ಲಿಂದ ಹಬ್ಬಿತು ಅಂದರೆ, ಅದರ ಒಂದು ಬೇರು 1993ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಡೆದ ಒಂದು ಪ್ರಯೋಗದಲ್ಲಿದೆ. 36 ಕಾಲೇಜು ವಿದ್ಯಾರ್ಥಿಗಳಿಗೆ 10 ನಿಮಿಷ ಮೊಜಾರ್ಟ್ ಕೇಳಿಸಿದರು. ಆಕಾರಗಳನ್ನು ಮನಸ್ಸಿನಲ್ಲೇ ಮಡಿಸಿ ಬಿಡಿಸುವಂಥ ಪರೀಕ್ಷೆಯಲ್ಲಿ ಸ್ವಲ್ಪ ಜಾಸ್ತಿ ಅಂಕ ಬಂತು. ಹತ್ತು ಹದಿನೈದು ನಿಮಿಷದಲ್ಲಿ ಆ ಜಾಸ್ತಿಯೂ ಇಳಿದುಹೋಯಿತು. ಅಲ್ಲಿ ಮಕ್ಕಳೂ ಇರಲಿಲ್ಲ, ಯಾರಿಗೂ ಸಂಗೀತ ಕಲಿಸಿಯೂ ಇರಲಿಲ್ಲ. ಆದರೂ 1998ರಲ್ಲಿ ಅಮೆರಿಕದ ಜಾರ್ಜಿಯಾದ ಗವರ್ನರ್, ಹುಟ್ಟಿದ ಮಗುವಿಗೆಲ್ಲ ಸಂಗೀತದ ಸಿ.ಡಿ. ಕೊಡಲು ಸರ್ಕಾರದ ದುಡ್ಡು ಕೇಳಿದರು.

‘ಗಣಿತ ಕಲಿತರೆ ಕಾಂಬೋಧಿ ರಾಗ ಚೆನ್ನಾಗಿ ಬರುತ್ತಾ’ ಅಂತ ಯಾರಾದರೂ ಕೇಳಿದ್ದಾರಾ?

ನಾನೇನು ಸಾಚಾ ಅಲ್ಲ. ಒಮ್ಮೆ ಅಡ್ಮಿಷನ್ನಿಗೆ ಬಂದ ಒಬ್ಬರು ಹೊರಟುಹೋಗುತ್ತಾರೇನೋ ಅನ್ನಿಸಿ, ‘ಸರಳೆಯನ್ನು ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ, ಹಾಡಿದರೆ ಭಿನ್ನರಾಶಿ ತಾನಾಗೇ ಬರುತ್ತೆ ಸಾರ್’ ಅಂದುಬಿಟ್ಟೆ. ಬಾಗಿಲ ಹತ್ತಿರ ಸಂಗೀತದ ಮೇಡಂ ನಿಂತಿದ್ದರು. ಬಂದವರು ಹೋದಮೇಲೆ ಮೇಡಂ ಅಂದರು: ‘ಸರ್, ನನ್ನ ಪೀರಿಯಡ್ಡು ನಿಮ್ಮ ಪೀರಿಯಡ್ಡಿನ ಗೈಡ್ ಅಲ್ಲ.’ ಆಮೇಲೆ ಒಂದು ವಾರ ಅವರ ಫ್ಲಾಸ್ಕಿನ ಕಾಫಿಯಲ್ಲಿ ನನಗೆ ಪಾಲು ಸಿಗಲಿಲ್ಲ.

‘ಓದೋದು ಯಾವಾಗ’ ಅಂತ ಕೇಳುವ ಹಕ್ಕಿದ್ದವರು ಒಬ್ಬರೇ. ನಮ್ಮಲ್ಲಿ ಏಳು ಮುಗಿಸಿ ಬೇರೆ ಕಡೆ ಎಂಟಕ್ಕೆ ಸೇರಿದ ಹುಡುಗನ ತಾಯಿ. ಮೊದಲ ಪರೀಕ್ಷೆಯಲ್ಲಿ ಅವನು ಅರ್ಧ ಪೇಪರ್ ಮಾತ್ರ ಬರೆದಿದ್ದ. ಉತ್ತರ ಗೊತ್ತಿತ್ತು, ಕೈ ಓಡಲಿಲ್ಲ. ಗಡಿಯಾರ ನೋಡಿಕೊಂಡು ಬರೆಯುವುದನ್ನು ನಾವು ಕಲಿಸಿರಲಿಲ್ಲ. ಆ ತಾಯಿ ಅದೇ ಪದಗಳಲ್ಲಿ ಕೇಳಿದರು, ಆದರೆ ‘ಮತ್ತೆ’ ಇರಲಿಲ್ಲ. ತಪ್ಪು ನಮ್ಮದು ಅಂದೆ. ಈಗ ಏಳನೇ ಕ್ಲಾಸಿಗೆ ಜನವರಿಯಿಂದ ವಾರಕ್ಕೊಂದು ಟೆಸ್ಟ್ ಇದೆ, ಗಡಿಯಾರ ಎದುರಿಗಿಟ್ಟು. ಮಕ್ಕಳಿಗೆ ಒಂದು ಚೂರೂ ಇಷ್ಟವಿಲ್ಲ.

ಸರಿ, ಇಷ್ಟೊಂದು ಪ್ರಶ್ನೆ ಕೇಳುತ್ತೀರಲ್ಲ, ನನಗೆ ಬೇಕಾದ ಒಂದನ್ನು ಯಾರೂ ಕೇಳಿಲ್ಲ. ಶಾಲೆ ನೋಡಲು ಬಂದವರೆಲ್ಲ ಗೋಡೆಗೆ ತೂಗು ಹಾಕಿದ ಚೆಂದದ ಏಕತಾರಿಗಳ ಫೋಟೋ ತೆಗೆಯುತ್ತಾರೆ. ಅದರ ಕೆಳಗೇ ಒಂದು ನೀಲಿ ಬಕೆಟ್ ಇದೆ, ತುಂಬ ಪೈಪಿನ ತುಂಡುಗಳು. ಅದನ್ನು ಕಾಲಲ್ಲಿ ಸರಿಸಿ ಮುಂದೆ ಹೋಗುತ್ತಾರೆ. ಕೆಟ್ಟುಹೋದ ಕೊಳಲುಗಳನ್ನು ಏನು ಮಾಡುತ್ತೀರಿ ಅಂತ ಕೇಳಿ, ಅರ್ಧ ದಿನ ಮಾತಾಡುತ್ತೇನೆ.

ಎಸೆಯುವುದಿಲ್ಲ. ಪ್ರತಿಯೊಂದರ ಮೇಲೂ ಮಾರ್ಕರಿನಲ್ಲಿ ಹೆಸರು, ತಾರೀಖು, ಕೆಟ್ಟ ಕಾರಣ ಬರೆದು ಬಕೆಟ್ಟಿಗೆ ಹಾಕಬೇಕು. ಇದು ಮೇಡಂ ಮಾಡಿದ ನಿಯಮ. ‘ಜಾಸ್ತಿ ಕೊಯ್ದೆ.’ ‘ತೂತು ದೊಡ್ಡದಾಯ್ತು.’ ‘ಮಾತಾಡ್ತಾ ಕೊಯ್ದೆ.’ ಸೊಟ್ಟ ಶ್ರುತಿಯ ಎರಡು ಕೊಳಲು ಒಟ್ಟಿಗೆ ಊದಿದರೆ ನಡುವೆ ‘ವೊಂವ್ ವೊಂವ್’ ಅಂತ ಮೂರನೇದೊಂದು ಸದ್ದು ಅಲೆಯುತ್ತದೆ, ಎರಡೂ ಹತ್ತಿರ ಬಂದಷ್ಟು ಅದು ನಿಧಾನವಾಗುತ್ತದೆ ಅನ್ನುವುದನ್ನು ಐದನೇ ಕ್ಲಾಸಿನ ಮಕ್ಕಳು ಈ ಬಕೆಟ್ಟಿನಿಂದಲೇ ಕಂಡುಹಿಡಿದರು. ನಾನು ಹೇಳಿಕೊಟ್ಟಿರಲಿಲ್ಲ.

ಕಳೆದ ವಾರ ಕೂತು ಎಣಿಸಿದೆ. 58 ಇವೆ. ಆ ಎರಡು ಜಡೆಯ ಹುಡುಗಿ ಶಾಲೆ ಬಿಟ್ಟ ಮುಂದಿನ ವರ್ಷ ನಾನು ಭಾರೀ ಬುದ್ಧಿವಂತನ ಹಾಗೆ, ‘ಎರಡು ದಿನ ಯಾಕೆ ಹಾಳು, ಎಲ್ಲರೂ ನೇರ 40ಕ್ಕೇ ಕೊಯ್ಯಿರಿ’ ಅಂದಿದ್ದೆ. ಆ ಸಲ ಅಂಗಡಿಯವನು ಕೊಟ್ಟ ಪೈಪು ಒಳಗಡೆ ಕಿರಿದು. ಎಲ್ಲ ಕೊಳಲೂ ಸ ದಾಟಿ ಮೇಲೆ ಹೋಗಿಬಿಟ್ಟವು. ಉದ್ದ ಇದ್ದರೆ ಕೊಯ್ಯಬಹುದು, ಗಿಡ್ಡ ಆದಮೇಲೆ ಏನು ಮಾಡುತ್ತೀರಿ? ಬಕೆಟ್ಟಿನಲ್ಲಿ 14 ಪೈಪುಗಳ ಮೇಲೆ ಒಂದೇ ತಾರೀಖು, ಒಂದೇ ಕಾರಣ ಇದೆ. ‘ಸರ್ ಹೇಳಿದ ಹಾಗೇ ಮಾಡಿದೆ.’ ಅಳಿಸೋಣವಾ ಅಂತ ಮೇಡಂನ ಕೇಳಿದೆ. ಬೇಡ ಅಂದರು.